ಹೆಗಲು ಅತ್ತ, ಹೆಜ್ಜೆ ಇತ್ತ

ಅಂಗಳದ ಮಾತು: ಆಟದ ಬಗ್ಗೆ ಓದುಗರು ಕೇಳಿದ್ದು, ಮಂಡ್ಯದ ನಿವೃತ್ತ ಪಿ.ಟಿ. ಮೇಷ್ಟ್ರು ಹೇಳಿದ್ದು

ನಿಮಗೆ ತುಂಬಾ ಇಷ್ಟವಾದ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾರು ಅಂತ ಕಳೆದ ತಿಂಗಳು ಒಬ್ಬರು ಕೇಳಿದ್ದರು. ಹಕೀಮ್ ಒಲಾಜುವಾನ್, ನೈಜೀರಿಯಾದಿಂದ ಅಮೆರಿಕಕ್ಕೆ ಹೋಗಿ ನೆಲೆ ನಿಂತವರು ಅಂತ ಒಂದೇ ಸಾಲು ಬರೆದು ಮುಗಿಸಿದ್ದೆ. ಆ ಒಂದು ಸಾಲಿಗೆ ಇಷ್ಟು ಕಾಗದ ಬರುತ್ತದೆ ಅಂದುಕೊಂಡಿರಲಿಲ್ಲ. ಕ್ರಿಕೆಟ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಈ ಸಲದ ಪುಟ ಪೂರ್ತಿ ಹಕೀಮ್ ಅವರದು.

ಪ್ರಶ್ನೆ: ಸರ್, ನಾನು ಮೊದಲ ಪಿಯುಸಿ ಓದುತ್ತಿದ್ದೇನೆ. ವಯಸ್ಸು 16, ಎತ್ತರ 6 ಅಡಿ 3 ಇಂಚು. ಐದನೇ ಕ್ಲಾಸಿನಿಂದ ಖೋ-ಖೋ ಆಡುತ್ತಾ ಬಂದಿದ್ದೇನೆ. ಎತ್ತರ ಇದೆ ಅಂತ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಕರೆದರು. ಅಲ್ಲಿರುವ ಹುಡುಗರೆಲ್ಲ ಚಿಕ್ಕಂದಿನಿಂದ ಆಡಿದವರು. ನನಗೆ ಡ್ರಿಬಲ್, ಅಂದರೆ ಚೆಂಡು ನೆಲಕ್ಕೆ ಪುಟಿಸುತ್ತಾ ಸಾಗುವುದು ಕೂಡ ಸರಿಯಾಗಿ ಬರುವುದಿಲ್ಲ. ತಡವಾಯಿತಾ? ಖೋ-ಖೋ ಬಿಟ್ಟುಬಿಡಲಾ?
ಓದುಗ, ನಾಗಮಂಗಲ

ಉತ್ತರ: ಮಗು, ನಿನ್ನ ಕಾಗದ ಎರಡು ಸಲ ಓದಿದೆ. ತಡವಾಗಿಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು.

ಹಕೀಮ್ ಹುಟ್ಟಿದ್ದು 1963ರ ಜನವರಿ 21ರಂದು, ನೈಜೀರಿಯಾದ ಲಾಗೋಸ್‌ನಲ್ಲಿ. ಅಪ್ಪ ಅಮ್ಮ ಸಿಮೆಂಟ್ ವ್ಯಾಪಾರ ಮಾಡುತ್ತಿದ್ದರು. ಹುಡುಗ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್. ಹ್ಯಾಂಡ್‌ಬಾಲ್ ಕೂಡ ಆಡುತ್ತಿದ್ದ. ಹದಿನೈದು ತುಂಬುವವರೆಗೂ ಬ್ಯಾಸ್ಕೆಟ್‌ಬಾಲ್ ಆಡಿರಲಿಲ್ಲ. 1980ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ, ಹೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದಾಗಲೂ ಆ ಆಟಕ್ಕೆ ಹೊಸಬನೇ. ಮೊದಲ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ಎರಡನೇ ವರ್ಷ, ಬೆಂಚಿನಿಂದ ಎದ್ದು ಹೋಗಿ ಸ್ವಲ್ಪ ಹೊತ್ತು ಆಡಿ ಬರುವ ಹುಡುಗ.

ಇನ್ನೂ ಜಾಸ್ತಿ ಹೊತ್ತು ಆಡಬೇಕಾದರೆ ಏನು ಮಾಡಲಿ ಅಂತ ಅವನು ಕೋಚ್‌ಗಳನ್ನೇ ಕೇಳಿದ. ರಜೆಯಲ್ಲಿ ಮೋಸೆಸ್ ಮಲೋನ್ ಜೊತೆ ಆಡು ಅಂದರು. ಮಲೋನ್ ಆಗ ಹೂಸ್ಟನ್ ರಾಕೆಟ್ಸ್ ತಂಡದ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವ ಎತ್ತರದ ಆಟಗಾರ. 1982ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಆದ ಇಡೀ ಎನ್‌ಬಿಎಗೆ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವರು. ಊರಿನ ಫಾಂಡಿ ರಿಕ್ರಿಯೇಷನ್ ಸೆಂಟರ್ ಎಂಬ ಜಿಮ್ಮಿನಲ್ಲಿ ಈ ಹುಡುಗ ಅಂಥವರ ಎದುರು ಹೋಗಿ ನಿಂತ. ತಳ್ಳಿಸಿಕೊಂಡ, ಮತ್ತೆ ನಿಂತ. ನೀನು ಅವನಿಂದ ಮೊದಲು ಕಲಿಯಬೇಕಾದ್ದು ಇದು. ನಿನ್ನ ಟೀಮಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವ ಹುಡುಗ ಯಾರು? ನಾಳೆಯಿಂದ ಅವನ ಎದುರೇ ಆಡು.

ಆ ರಜೆ ಕಳೆದು ಬಂದ ವರ್ಷ, 1983ರಲ್ಲಿ, ಹೂಸ್ಟನ್ ವಿಶ್ವವಿದ್ಯಾಲಯ ರಾಷ್ಟ್ರೀಯ ಕಾಲೇಜು ಫೈನಲ್ ತಲುಪಿತು. ಕೊನೆಯ ಕ್ಷಣದಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ತಂಡದವರು ಚೆಂಡು ಹಾಕಿ 54-52ರಲ್ಲಿ ಗೆದ್ದರು. ಆದರೂ ಟೂರ್ನಿಯ ಅತ್ಯುತ್ತಮ ಆಟಗಾರ ಅಂತ ಆರಿಸಿದ್ದು ಸೋತ ತಂಡದ ಹಕೀಮ್‌ನನ್ನು. ಮರುವರ್ಷ ಮತ್ತೆ ಫೈನಲ್. ಈ ಸಲ ಪ್ಯಾಟ್ರಿಕ್ ಯೂಯಿಂಗ್ ಇದ್ದ ಜಾರ್ಜ್‌ಟೌನ್ ಎದುರು ಸೋಲು. ಯೂಯಿಂಗ್ ಹೆಸರು ನೆನಪಿಟ್ಟುಕೋ. ಅವರೂ ಹೊರಗಿನಿಂದ ಹೋದವರೇ, ಜಮೈಕಾದವರು.

1984ರಲ್ಲಿ ಹೂಸ್ಟನ್ ರಾಕೆಟ್ಸ್ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಯ, ಮೊದಲ ಆಯ್ಕೆಯಲ್ಲೇ ಹಕೀಮ್‌ರನ್ನು ತೆಗೆದುಕೊಂಡಿತು. 1986ರಲ್ಲಿ ಎನ್‌ಬಿಎ ಫೈನಲ್ ತಲುಪಿ ಬಾಸ್ಟನ್ ಸೆಲ್ಟಿಕ್ಸ್‌ಗೆ ಸೋತರು. ಆಮೇಲೆ ಎಂಟು ವರ್ಷ ಫೈನಲ್ ಮುಖವೇ ನೋಡಲಿಲ್ಲ. ಅದರ ನಡುವೆ, 1990ರ ಮಾರ್ಚ್ 29ರಂದು ಮಿಲ್ವಾಕೀ ತಂಡದ ಎದುರು ಒಂದೇ ಪಂದ್ಯದಲ್ಲಿ 18 ಪಾಯಿಂಟ್, 16 ರಿಬೌಂಡ್ (ತಪ್ಪಿದ ಶಾಟ್ ಹಿಡಿಯುವುದು), 10 ಅಸಿಸ್ಟ್ (ಪಾಯಿಂಟ್ ತರುವ ಪಾಸ್), 11 ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು). ನಾಲ್ಕು ವಿಭಾಗದಲ್ಲೂ ಎರಡಂಕಿ. ಎನ್‌ಬಿಎ ಇತಿಹಾಸದಲ್ಲಿ ಇದನ್ನು ಮಾಡಿದವರು ನಾಲ್ಕೇ ಜನ.

ಕೊನೆಗೆ 1994ರಲ್ಲಿ ಮತ್ತೆ ಫೈನಲ್. ಎದುರಿಗೆ ನ್ಯೂಯಾರ್ಕ್ ನಿಕ್ಸ್, ಅವರ ಸೆಂಟರ್ ಅದೇ ಯೂಯಿಂಗ್. ಏಳು ಪಂದ್ಯಗಳ ಸರಣಿಯಲ್ಲಿ ಹೂಸ್ಟನ್ 3-2ರಲ್ಲಿ ಹಿಂದೆ ಬಿದ್ದಿತ್ತು. ಆರನೇ ಪಂದ್ಯದಲ್ಲಿ ಎರಡೇ ಪಾಯಿಂಟ್ ಮುಂದಿದ್ದಾಗ, ಕೊನೆಯ ಸೆಕೆಂಡುಗಳಲ್ಲಿ ನ್ಯೂಯಾರ್ಕಿನ ಜಾನ್ ಸ್ಟಾರ್ಕ್ಸ್ ಮೂರು ಪಾಯಿಂಟಿನ ಶಾಟ್ ಎತ್ತಿದರು. ಹಕೀಮ್ ಓಡಿ ಬಂದು ಬೆರಳ ತುದಿಯಲ್ಲಿ ಚೆಂಡು ಸವರಿದರು. 86-84. ಏಳನೇ ಪಂದ್ಯವನ್ನೂ ಗೆದ್ದರು. ಆ ಒಂದೇ ಸೀಸನ್ನಿನಲ್ಲಿ ಎನ್‌ಬಿಎ ಅತ್ಯುತ್ತಮ ಆಟಗಾರ, ಅತ್ಯುತ್ತಮ ಡಿಫೆಂಡರ್, ಫೈನಲ್‌ನ ಅತ್ಯುತ್ತಮ ಆಟಗಾರ, ಮೂರೂ ಅವರೇ. ಮೂರನ್ನೂ ಒಟ್ಟಿಗೆ ಪಡೆದವರು ಬೇರೆ ಯಾರೂ ಇಲ್ಲ. 1995ರಲ್ಲಿ ಆರನೇ ಶ್ರೇಯಾಂಕದಿಂದ ಮೇಲೆ ಬಂದು ಮತ್ತೆ ಕಪ್ ಎತ್ತಿದರು. ಮೊದಲ ಕಪ್ ಎತ್ತುವಾಗ ಅವರಿಗೆ 31 ವರ್ಷ. ನಿನಗೆ 16, ಅಲ್ವಾ?

ಈಗ ಖೋ-ಖೋ ವಿಷಯ. ನಿನ್ನ ಕಾಗದದಲ್ಲಿ ನನಗೆ ಬೇಜಾರಾದದ್ದು ‘ಬಿಟ್ಟುಬಿಡಲಾ’ ಅನ್ನುವ ಮಾತು. ಹಕೀಮ್ ತನ್ನ ಊರಿನ ಆಟಗಳನ್ನು ಲಾಗೋಸ್‌ನಲ್ಲಿ ಬಿಟ್ಟು ವಿಮಾನ ಹತ್ತಲಿಲ್ಲ. ಅವರ ಕಾಲಿನ ಚುರುಕು ಫುಟ್‌ಬಾಲ್, ಹ್ಯಾಂಡ್‌ಬಾಲ್‌ನಿಂದ ಬಂದದ್ದು. ಬ್ಲಾಕ್ ಮಾಡುವಾಗ ನೋಡು, ಗೋಲಿನ ಮುಂದೆ ನಿಂತವನ ಕಣ್ಣೇ ಅದು. ಎದುರಾಳಿ ಚೆಂಡು ಬಿಡುವವರೆಗೂ ಕಾಯುತ್ತಾರೆ, ಆಮೇಲೆ ಹಾರುತ್ತಾರೆ. ಒಟ್ಟು 3,830 ಬ್ಲಾಕ್, ಎನ್‌ಬಿಎಯಲ್ಲಿ ಇವತ್ತಿಗೂ ಅದೇ ದಾಖಲೆ. ಜೊತೆಗೆ 2,162 ಸ್ಟೀಲ್. ಎರಡರಲ್ಲೂ ಎರಡು ಸಾವಿರ ದಾಟಿದವರು ಅವರೊಬ್ಬರೇ. ಅಷ್ಟು ಎತ್ತರದ ಸೆಂಟರ್‌ಗಳು ಚೆಂಡು ಕಸಿಯುವುದು ಅಪರೂಪ. ಅವರು ಬಗ್ಗಿ ಕಸಿಯುತ್ತಿದ್ದರು.

ಹಾಗಾಗಿ ಸಂಜೆ ಬ್ಯಾಸ್ಕೆಟ್‌ಬಾಲ್, ವಾರಕ್ಕೆ ಎರಡು ದಿನ ಬೆಳಿಗ್ಗೆ ಖೋ-ಖೋ. ಡ್ರಿಬಲ್ ಆರು ತಿಂಗಳಲ್ಲಿ ಬರುತ್ತದೆ. ನಿನ್ನ ಕಾಲಿಗೆ ಬಂದಿರುವುದು ಆರು ವರ್ಷದ್ದು.

ಪ್ರಶ್ನೆ: ಹಕೀಮ್ ಅವರ ‘ಡ್ರೀಮ್ ಶೇಕ್’ (ಎದುರಾಳಿಯನ್ನು ಒಂದು ಕಡೆಗೆ ನಂಬಿಸಿ ಇನ್ನೊಂದು ಕಡೆ ತಿರುಗುವ ವರಸೆ) ವಿಡಿಯೋ ನೋಡಿ ನೋಡಿ ಕಲಿಯಲು ಪ್ರಯತ್ನಿಸುತ್ತಿದ್ದೇನೆ. ಪ್ರತಿ ಸಲವೂ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಇಡುವ ತಪ್ಪು, ಆಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
ಕಾಲೇಜು ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು

ಉತ್ತರ: ಮಗಳೇ, ಈ ಪ್ರಶ್ನೆಗೆ ಉತ್ತರಿಸಲು ನಾನು ಮೂವತ್ತು ವರ್ಷದಿಂದ ಕಾಯುತ್ತಿದ್ದೇನೆ ಅನ್ನಬೇಕು.

ನಾನು ಪಾಂಡವಪುರದ ಪಕ್ಕದ ಹಳ್ಳಿಯವನು. ಅಪ್ಪ ಕಬ್ಬು ಬೆಳೆಯುತ್ತಿದ್ದರು. ಸುಗ್ಗಿ ಮುಗಿದ ಮೇಲೆ ರಾಗಿ ಕಣದಲ್ಲೇ ನಮ್ಮ ಖೋ-ಖೋ. ಬ್ಯಾಸ್ಕೆಟ್‌ಬಾಲ್ ರಿಂಗು ಮೊದಲು ಕಂಡದ್ದು ಇಪ್ಪತ್ತು ದಾಟಿದ ಮೇಲೆ, ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಓದಲು ಹೋದಾಗ. ಮಂಡ್ಯಕ್ಕೆ ಮೇಷ್ಟ್ರಾಗಿ ಬಂದು ಮಕ್ಕಳಿಗೆ ಕಲಿಸುತ್ತಿದ್ದೆನಾದರೂ ಪೋಸ್ಟ್‌ನಲ್ಲಿ, ಅಂದರೆ ರಿಂಗಿನ ಹತ್ತಿರ ಬೆನ್ನು ಕೊಟ್ಟು ನಿಂತು ಆಡುವ ಆಟದಲ್ಲಿ, ನನಗೆ ಗೊತ್ತಿದ್ದದ್ದು ಒಂದೇ. ಹಿಂದೆ ತಳ್ಳು, ತಿರುಗು, ಹಾಕು.

1996ರಲ್ಲಿ ಅಮೆರಿಕದಲ್ಲಿದ್ದ ಹಳೇ ವಿದ್ಯಾರ್ಥಿಯೊಬ್ಬ ಒಂದು ವಿಡಿಯೋ ಕ್ಯಾಸೆಟ್ ಕಳಿಸಿದ. ಹಿಂದಿನ ವರ್ಷ ಹೂಸ್ಟನ್, ಸ್ಯಾನ್ ಆಂಟೋನಿಯೋ ತಂಡಗಳು ಆಡಿದ ಪಂದ್ಯ. ಮಂಡ್ಯದಲ್ಲಿ ಯಾರ ವಿ.ಸಿ.ಆರ್.ನಲ್ಲೂ ಅದು ಸರಿಯಾಗಿ ಓಡಲಿಲ್ಲ. ಅಲ್ಲಿಯ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಚಿತ್ರ ಕಪ್ಪು ಬಿಳುಪಾಗಿ ಮೇಲಕ್ಕೆ ಉರುಳುತ್ತಾ ಇರುತ್ತಿತ್ತು. ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ವಿಡಿಯೋ ಲೈಬ್ರರಿಯವರ ಹತ್ತಿರ ಎರಡೂ ಪದ್ಧತಿ ಓಡಿಸುವ ಯಂತ್ರ ಇದೆ ಅಂತ ಗೊತ್ತಾಯಿತು. ಒಂದು ಭಾನುವಾರ ಮೂವರು ಹುಡುಗರನ್ನು ಕರೆದುಕೊಂಡು ಪ್ಯಾಸೆಂಜರ್ ರೈಲು ಹತ್ತಿದೆ.

ಆ ಪಂದ್ಯದ ದಿನ ಆಟ ಶುರುವಾಗುವ ಮುಂಚೆ ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಸ್ಯಾನ್ ಆಂಟೋನಿಯೋದ ಡೇವಿಡ್ ರಾಬಿನ್ಸನ್ ಅವರಿಗೆ ಕೊಟ್ಟಿದ್ದರು. ಹಕೀಮ್ ನೋಡುತ್ತಾ ನಿಂತಿದ್ದರು. ಆಮೇಲೆ ಅದೇ ರಾಬಿನ್ಸನ್ ಎದುರು 41 ಪಾಯಿಂಟ್ ಹಾಕಿದರು. ಆ ಸರಣಿಯಲ್ಲಿ ಅವರ ಸರಾಸರಿ ಪಂದ್ಯಕ್ಕೆ 35.3. ರಾಬಿನ್ಸನ್ ಸಾಮಾನ್ಯ ಆಟಗಾರ ಅಲ್ಲ, ಮಗಳೇ. ಆದರೆ ಒಂದು ಕಡೆ ಹಕೀಮ್ ತಿರುಗಿದರು, ಶಾಟ್‌ಗೆ ಚೆಂಡು ಎತ್ತಿದಂತೆ ಮಾಡಿದರು, ರಾಬಿನ್ಸನ್ ಗಾಳಿಯಲ್ಲಿ ಹಾರಿ ಹೋದರು. ಹಕೀಮ್, ಅವರ ಪಕ್ಕದಲ್ಲೇ ಹೆಜ್ಜೆ ಇಟ್ಟು ಚೆಂಡನ್ನು ಮೆಲ್ಲಗೆ ರಿಂಗಿಗೆ ಬಿಟ್ಟರು. ನನ್ನ ಪಕ್ಕ ಕೂತಿದ್ದ ಹುಡುಗ, ಅವನೂ ಖೋ-ಖೋ ಆಡಿದವನು, ಕುರ್ಚಿಯಿಂದ ಎದ್ದು ‘ಸಾರ್, ಅದು ನಮ್ದು’ ಅಂದ.

ನಿಜವಾಗಿಯೂ ಅದು ನಮ್ಮದೇ ಕೌಶಲ. ಖೋ-ಖೋದಲ್ಲಿ ಅಟ್ಟುವವನು ಒಂದು ದಿಕ್ಕಿಗೆ ಹೆಗಲು ತಿರುಗಿಸಿದ ಮೇಲೆ ಹಿಂದಕ್ಕೆ ತಿರುಗುವಂತಿಲ್ಲ, ಕಂಬ ದಾಟುವವರೆಗೆ ಅದೇ ದಿಕ್ಕು. ನಡುಗೆರೆಯನ್ನೂ ದಾಟುವಂತಿಲ್ಲ. ಓಡುವವನಿಗೆ ಈ ಕಟ್ಟುಪಾಡು ಇಲ್ಲ. ಅದಕ್ಕೇ ಜಾಣ ಓಟಗಾರ ಅಟ್ಟುವವನ ಹೆಗಲು ನೋಡುತ್ತಾನೆ. ಆ ಹೆಗಲನ್ನು ಒಂದು ಕಡೆಗೆ ಎಳೆದುಕೊಂಡು, ತಾನು ಇನ್ನೊಂದು ಕಡೆಯಿಂದ ಜಾರುತ್ತಾನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ನಿಯಮ ಬರೆದಿಲ್ಲ. ಆದರೆ ಡಿಫೆಂಡರ್‌ನ ಮೈಭಾರ ಒಂದು ಕಾಲಿಗೆ ಬಿದ್ದ ಮೇಲೆ ಅವನ ಮೈಯೇ ಆ ನಿಯಮ ಹಾಕುತ್ತದೆ. ತಕ್ಷಣ ವಾಪಸ್ ಬರಲು ಆಗುವುದಿಲ್ಲ. ಡ್ರೀಮ್ ಶೇಕ್ ಅಂದರೆ ಆ ಒಂದು ಕ್ಷಣ ಹುಟ್ಟಿಸುವುದು.

ಇನ್ನು ನಿನ್ನ ಟ್ರಾವೆಲಿಂಗ್. ನೀನು ಮೇಲಿನ ಅಲುಗಾಟ ನೋಡಿ ಕಲಿಯುತ್ತಿದ್ದೀಯ, ಕಾಲು ನೋಡುತ್ತಿಲ್ಲ. ಪಾಸ್ ಹಿಡಿಯುವಾಗ ಎರಡೂ ಕಾಲು ಒಟ್ಟಿಗೆ ನೆಲ ಮುಟ್ಟಲಿ. ಹಾಗೆ ಇಳಿದರೆ ಯಾವ ಕಾಲನ್ನಾದರೂ ಪಿವಟ್ (ಊರಿ ನಿಂತು ತಿರುಗುವ ಕಾಲು) ಮಾಡಿಕೊಳ್ಳಬಹುದು, ಎಡಕ್ಕೂ ಬಲಕ್ಕೂ ದಾರಿ ತೆರೆದಿರುತ್ತದೆ. ಒಂದು ಕಾಲು ಎತ್ತಿದೆಯೋ, ಇನ್ನೊಂದು ಪಿವಟ್ ಆಯಿತು. ಆಮೇಲೆ ಬದಲಿಸುವಂತಿಲ್ಲ. ಡ್ರಿಬಲ್ ಶುರು ಮಾಡುವುದಾದರೆ ಪಿವಟ್ ಕಾಲು ಏಳುವ ಮುಂಚೆ ಚೆಂಡು ಕೈಬಿಡಬೇಕು. ಶಾಟ್ ಅಥವಾ ಪಾಸ್ ಆದರೆ ಆ ಕಾಲನ್ನು ಎತ್ತಬಹುದು, ಅದು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಹೋಗಿರಬೇಕು. ಕೊನೆಯ ಹೆಜ್ಜೆಯಲ್ಲಿ ಹಕೀಮ್ ಮಾಡುವುದು ಇದನ್ನೇ.

ಹದಿನೈದು ದಿನ ಡ್ರಿಬಲ್ ಇಲ್ಲದೆ ಅಭ್ಯಾಸ ಮಾಡು. ಸೀಮೆಸುಣ್ಣದಲ್ಲಿ ಎರಡು ಪಾದದ ಗುರುತು ಬರೆ. ಅಲ್ಲೇ ಇಳಿ. ಹೆಗಲು, ಕಣ್ಣು, ಚೆಂಡು ಮೂರನ್ನೂ ಬಲಕ್ಕೆ ತೋರಿಸು, ಎಡಕ್ಕೆ ತಿರುಗು. ಆಮೇಲೆ ಅದನ್ನೇ ಉಲ್ಟಾ. ಕಣ್ಣು ತುಂಬಾ ಮುಖ್ಯ. ನೀನು ರಿಂಗನ್ನು ನಿಜವಾಗಿ ನೋಡದಿದ್ದರೆ ಎದುರಿನವಳು ನಂಬುವುದಿಲ್ಲ. ನಿಧಾನವಾಗಿ ಮಾಡು. ಹಕೀಮ್ ಅವರದು ವೇಗದ ಆಟ ಅಂತ ಎಲ್ಲರಿಗೂ ಅನಿಸುತ್ತದೆ. ಕ್ಯಾಸೆಟ್ ನಿಲ್ಲಿಸಿ ನಿಲ್ಲಿಸಿ ನೋಡಿದಾಗ ನನಗೆ ಕಂಡದ್ದು, ಫೇಕ್, ಅಂದರೆ ಸುಳ್ಳು ಚಲನೆ, ಮಾಡಿದ ಮೇಲೆ ಅವರು ಒಂದು ಗಳಿಗೆ ಕಾಯುತ್ತಾರೆ. ಆ ಕಾಯುವುದನ್ನು ಕಲಿ.

ಪ್ರಶ್ನೆ: ಮಗ ಎಂಟು ಸಾವಿರದ ಬ್ಯಾಸ್ಕೆಟ್‌ಬಾಲ್ ಶೂ ಕೇಳುತ್ತಿದ್ದಾನೆ. ನನ್ನದು ಆಲೆಮನೆ ಕೆಲಸ. ಕೊಡಿಸದಿದ್ದರೆ ಆಟ ಹಾಳಾಗುತ್ತದಾ?
ಓದುಗರು, ಮದ್ದೂರು

ಉತ್ತರ: ಇಲ್ಲ ಯಜಮಾನರೇ. ಆಟ ಹಾಳಾಗುವುದು ಸವೆದ ತಳದಿಂದ, ಸಡಿಲ ಅಳತೆಯಿಂದ. ಹಕೀಮ್ ತಮ್ಮ ಹೆಸರಿನ ಶೂಗೆ ಸ್ಪಾಲ್ಡಿಂಗ್ ಕಂಪನಿ ಜೊತೆ ಸೇರಿದರು. ದೊಡ್ಡ ಕಂಪನಿಗಳ ಶೂಗಳಿಗಿಂತ ಅದರ ಬೆಲೆ ತುಂಬಾ ಕಡಿಮೆ ಇತ್ತು, ಸಾಧಾರಣ ಅಂಗಡಿಗಳಲ್ಲೇ ಸಿಗುತ್ತಿತ್ತು. ಅವರಿಗೆ ಆಗ ಎಷ್ಟು ದೊಡ್ಡ ಹೆಸರು ಇತ್ತು ಯೋಚಿಸಿ. ಬಡ ಮನೆಯ ಮಕ್ಕಳೂ ಕೊಳ್ಳುವ ಹಾಗಿರಲಿ ಅಂತ ನೋಡಿದವರು ಅವರು. ನನಗೆ ಅವರ ಎರಡು ಕಪ್‌ಗಿಂತ ಇದರ ಮೇಲೆ ಗೌರವ ಜಾಸ್ತಿ.

ನಮ್ಮ ದೇಶದ ಕಂಪನಿಗಳ ಬ್ಯಾಸ್ಕೆಟ್‌ಬಾಲ್ ಶೂ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಓಡುವ ಶೂ ಕೊಡಿಸಬೇಡಿ, ಅದರ ಹಿಮ್ಮಡಿ ಎತ್ತರ, ಪಕ್ಕಕ್ಕೆ ತಿರುಗುವಾಗ ಕಾಲು ಉಳುಕುತ್ತದೆ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಆಡುವಾಗ ಹಾಕುವ ಕಾಲುಚೀಲವನ್ನೇ ಹಾಕಿ ನೋಡಲಿ. ಸಿಮೆಂಟ್ ಕೋರ್ಟಾದರೆ ತಳ ಬೇಗ ಸವೆಯುತ್ತದೆ, ಶಾಲೆಗೆ ಅದನ್ನೇ ಹಾಕಿಕೊಂಡು ಹೋಗದಂತೆ ಹೇಳಿ.

ಪ್ರಶ್ನೆ: ನನ್ನ ಮಗ ರಂಜಾನ್ ತಿಂಗಳಲ್ಲಿ ರೋಜಾ ಇಟ್ಟುಕೊಂಡೇ ಪ್ರ್ಯಾಕ್ಟೀಸ್‌ಗೆ ಹೋಗುತ್ತಾನೆ. ಅವನ ಕೋಚ್ ‘ಉಪವಾಸ ಇದ್ದರೆ ಟೀಮಿಗೆ ಬರಬೇಡ’ ಅಂದರಂತೆ. ಹುಡುಗ ಊಟ ಬಿಟ್ಟದ್ದಕ್ಕಿಂತ ಈ ಮಾತಿಗೆ ಬಾಡಿಹೋಗಿದ್ದಾನೆ. ಏನು ಹೇಳಲಿ?
ಒಬ್ಬ ತಾಯಿ, ಉದಯಗಿರಿ, ಮೈಸೂರು

ಉತ್ತರ: ಅಮ್ಮಾ, 1995ರ ರಂಜಾನ್ ಫೆಬ್ರವರಿಯಲ್ಲಿ ಬಂದಿತ್ತು. ಸೀಸನ್ ನಡುವೆ. ಹಕೀಮ್ ರೋಜಾ ಬಿಡಲಿಲ್ಲ. ಹಗಲು ಪಂದ್ಯ ಇದ್ದಾಗ ಒಂದು ಗುಟುಕು ನೀರೂ ಕುಡಿಯದೆ ಆಡಿದರು. ಬೆಳಗಿನ ಜಾವ ಎದ್ದು ಖರ್ಜೂರ ತಿಂದು, ಬೇಕಾದಷ್ಟು ನೀರು ಕುಡಿದು ದಿನ ಶುರು ಮಾಡುತ್ತಿದ್ದರು. ಆ ಫೆಬ್ರವರಿಯ ‘ತಿಂಗಳ ಆಟಗಾರ’ ಪ್ರಶಸ್ತಿ ಅವರಿಗೇ ಬಂತು. ಕೋಚ್ ಅವರಿಗೆ ಈ ಪುಟ ತೋರಿಸಿ.

ಅವರ ಹೆಸರಿನ ಬಗ್ಗೆಯೂ ಒಂದು ಮಾತು. ಅಮೆರಿಕಕ್ಕೆ ಹೋದ ಹೊಸದರಲ್ಲಿ ಅವರ ಹೆಸರನ್ನು ‘ಅಕೀಮ್’ ಅಂತ ಬರೆಯುತ್ತಿದ್ದರು. ಎಷ್ಟೋ ವರ್ಷ ಹಾಗೇ ನಡೆಯಿತು. 1991ರಲ್ಲಿ ಅವರೇ ‘ಹಕೀಮ್’ ಅಂತ ಸರಿಯಾಗಿ ಬರೆಯಿರಿ ಅಂದರು. ಹಕೀಮ್ ಅಂದರೆ ತಿಳಿದವನು. ನಮ್ಮ ಕಡೆ ಯುನಾನಿ ಔಷಧಿ ಕೊಡುವವರನ್ನು ಹಕೀಮರು ಅನ್ನುತ್ತೇವಲ್ಲ, ಅದೇ ಪದ.

ನನ್ನ ಅನುಭವವನ್ನೂ ಹೇಳುತ್ತೇನೆ. 1998ರ ಜನವರಿಯಲ್ಲಿ ರಂಜಾನ್ ಬಂದಾಗ ನನ್ನ ಟೀಮಿನಲ್ಲಿ ಒಬ್ಬ ಹುಡುಗ ರೋಜಾ ಇಟ್ಟಿದ್ದ. ನಾನು ಆಗ ಪ್ರ್ಯಾಕ್ಟೀಸನ್ನು ಎರಡು ಭಾಗ ಮಾಡಿದೆ. ಸಂಜೆ ಐದಕ್ಕೆ ನಿಂತಲ್ಲೇ ಶೂಟಿಂಗ್, ಫ್ರೀ ಥ್ರೋ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಹಾಕುವ ಶಾಟ್). ಓಡುವ ಕೆಲಸ ಎಲ್ಲ ಏಳೂವರೆ ಮೇಲೆ, ವರಾಂಡದ ಎರಡು ಟ್ಯೂಬ್‌ಲೈಟ್ ಬೆಳಕಿನಲ್ಲಿ. ನಡುವೆ ಅವನು ಮನೆಗೆ ಹೋಗಿ ಇಫ್ತಾರ್ ಮುಗಿಸಿ ಬರುತ್ತಿದ್ದ. ಆ ತಿಂಗಳು ಇಡೀ ಟೀಮಿನ ಫ್ರೀ ಥ್ರೋ ಸುಧಾರಿಸಿತು, ಯಾಕೆಂದರೆ ಎಲ್ಲರೂ ದಿನಕ್ಕೆ ಒಂದು ಗಂಟೆ ಅದನ್ನೇ ಹಾಕುತ್ತಿದ್ದರು.

ಆದರೆ ಹಕೀಮ್ ಆಗ 32ರ ಗಂಡಸು, ನಿಮ್ಮ ಮಗ ಬೆಳೆಯುವ ಹುಡುಗ. ಬೆಳಗಿನ ಜಾವದ ಸೆಹರಿ ಊಟದಲ್ಲಿ ಹೊಟ್ಟೆ ತುಂಬಾ ತಿನ್ನಲಿ, ನೀರು ಕುಡಿಯಲಿ. ತಲೆ ಸುತ್ತಿದರೆ, ಕಣ್ಣು ಕತ್ತಲೆ ಬಂದರೆ ಆ ದಿನ ಆಟ ನಿಲ್ಲಿಸಲೇಬೇಕು. ಅದರಲ್ಲಿ ಅವಮಾನ ಇಲ್ಲ ಅಂತ ನೀವೇ ಅವನಿಗೆ ಹೇಳಿ.

ಪ್ರಶ್ನೆ: 1984ರಲ್ಲಿ ಹೂಸ್ಟನ್ ತಂಡ ಮೈಕಲ್ ಜೋರ್ಡನ್ ಬಿಟ್ಟು ಹಕೀಮ್‌ರನ್ನು ಆರಿಸಿದ್ದು ದೊಡ್ಡ ತಪ್ಪು ಅಲ್ಲವೇ?
ಓದುಗರು, ಚಾಮರಾಜಪುರಂ, ಮೈಸೂರು

ಉತ್ತರ: ಅಲ್ಲ. ಜೋರ್ಡನ್ ಮೂರನೇ ಆಯ್ಕೆ. ನಡುವೆ ಎರಡನೆಯವರಾಗಿ ಪೋರ್ಟ್‌ಲ್ಯಾಂಡ್ ತೆಗೆದುಕೊಂಡದ್ದು ಸ್ಯಾಮ್ ಬೋವಿಯವರನ್ನು, ಅವರ ಆಟವನ್ನು ಕಾಲಿನ ಗಾಯಗಳು ತಿಂದುಹಾಕಿದವು. ಹೂಸ್ಟನ್‌ಗೆ ಎರಡು ಕಪ್ ಬಂತು. ಮೊದಲನೇ ಕಪ್ಪಿನ ವರ್ಷ ಜೋರ್ಡನ್ ಆಟ ಬಿಟ್ಟಿದ್ದರು, ಅದಕ್ಕೇ ಗೆದ್ದರು ಅನ್ನುವವರಿದ್ದಾರೆ. ಯೂಯಿಂಗ್, ರಾಬಿನ್ಸನ್, ಆಮೇಲೆ 1995ರ ಫೈನಲ್‌ನಲ್ಲಿ ಶಕೀಲ್ ಓ’ನೀಲ್, ಆ ಕಾಲದ ಮೂವರು ದೊಡ್ಡ ಸೆಂಟರ್‌ಗಳನ್ನೂ ಸೋಲಿಸಿ ಎತ್ತಿದ ಕಪ್‌ಗಳವು. ನಾನು ಈ ವಾದಕ್ಕೆ ಇದಕ್ಕಿಂತ ಜಾಸ್ತಿ ಜಾಗ ಕೊಡುವುದಿಲ್ಲ.

ಪ್ರಶ್ನೆ: ಮೇಷ್ಟ್ರೇ, ನನ್ನ ಮಗಳಿಗೆ ಬೆಂಗಳೂರಿನ ಕ್ರೀಡಾ ಹಾಸ್ಟೆಲ್ಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಸೀಟು ಸಿಕ್ಕಿದೆ. ಹದಿನಾಲ್ಕು ವರ್ಷ. ಇದುವರೆಗೆ ಒಂದು ರಾತ್ರಿಯೂ ನಮ್ಮನ್ನು ಬಿಟ್ಟು ಇದ್ದವಳಲ್ಲ. ಊರು ಬಿಟ್ಟು ಹೋದವರು ಮತ್ತೆ ನಮ್ಮವರಾಗಿ ಉಳಿಯುತ್ತಾರಾ? ಕಳಿಸಲೋ ಬೇಡವೋ?
ಒಬ್ಬ ತಾಯಿ, ಕೆರಗೋಡು, ಮಂಡ್ಯ ತಾಲ್ಲೂಕು

ಉತ್ತರ: ಕಳಿಸಿ ತಾಯಿ. ಈ ಆಟ ಹುಟ್ಟಿದ್ದೇ ಊರು ಬಿಟ್ಟು ಬಂದವರೊಬ್ಬರ ಕೈಯಲ್ಲಿ. ಕೆನಡಾದಿಂದ ಅಮೆರಿಕಕ್ಕೆ ಬಂದಿದ್ದ ಜೇಮ್ಸ್ ನೈಸ್ಮಿತ್ ಎಂಬ ಪಿ.ಟಿ. ಮೇಷ್ಟ್ರು 1891ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲೆ ಕಟ್ಟಿ ಶುರು ಮಾಡಿದರು.

ನಮ್ಮವರಾಗಿ ಉಳಿಯುತ್ತಾರಾ ಅಂತ ಕೇಳಿದ್ದೀರಿ. ಹಕೀಮ್ 1993ರಲ್ಲಿ ಅಮೆರಿಕದ ಪೌರರಾದರು, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ಗೆದ್ದರು. ಆದರೆ ಲಾಗೋಸ್‌ನಲ್ಲಿ ಕಲಿತ ಹೆಜ್ಜೆ, ಮನೆಯಲ್ಲಿ ಕಲಿತ ನಮಾಜು ಎರಡನ್ನೂ ಬಿಡಲಿಲ್ಲ. ಇನ್ನೊಬ್ಬರು ಡಿಕೆಂಬೆ ಮುಟೊಂಬೊ, ಕಾಂಗೋ ದೇಶದ ಕಿನ್ಶಾಸದವರು. ಬ್ಲಾಕ್‌ಗಳಲ್ಲಿ ಹಕೀಮ್ ಬಿಟ್ಟರೆ ಅವರೇ. ಡಾಕ್ಟರ್ ಆಗಬೇಕು ಅಂತ ಅಮೆರಿಕಕ್ಕೆ ಹೋಗಿ ಆಟಗಾರರಾದರು. ಅವರ ತಾಯಿ ಕಾಯಿಲೆ ಬಿದ್ದಾಗ ಊರಿನ ಗಲಭೆಯಿಂದ ಆಸ್ಪತ್ರೆಗೆ ತಲುಪಲಾಗದೆ ತೀರಿಕೊಂಡರು. ಮಗ ತನ್ನ ದುಡ್ಡು ಹಾಕಿ, ಉಳಿದದ್ದು ಕೂಡಿಸಿ, ಅದೇ ಕಿನ್ಶಾಸದಲ್ಲಿ 300 ಹಾಸಿಗೆಯ ಆಸ್ಪತ್ರೆ ಕಟ್ಟಿಸಿದರು. 2007ರಲ್ಲಿ ತೆರೆಯಿತು. ಅದಕ್ಕೆ ತಾಯಿಯ ಹೆಸರನ್ನೇ ಇಟ್ಟರು, ಬಿಯಾಂಬಾ ಮರಿ ಮುಟೊಂಬೊ. ಅವರು 2024ರಲ್ಲಿ ತೀರಿಕೊಂಡ ಸುದ್ದಿ ಓದಿದ ದಿನ ನಾನು ಸಂಜೆ ಕೋರ್ಟಿಗೆ ಹೋಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಭಯ ಸರಿ. ಹಕೀಮ್ ಮೊದಲ ಸಲ ಹೂಸ್ಟನ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಫೋನ್ ಮಾಡಿದರೆ ಟ್ಯಾಕ್ಸಿ ಹಿಡಿದು ಬಾ ಅಂದರು. ಹದಿನೇಳು ವರ್ಷದ ಹುಡುಗ, ಗೊತ್ತಿಲ್ಲದ ದೇಶ. ಮುಂದೆ ಆ ಊರಿಗೆ ಎರಡು ಕಪ್ ತಂದುಕೊಟ್ಟವನನ್ನು ಆ ಊರು ಬರಮಾಡಿಕೊಂಡದ್ದು ಹೀಗೆ. ನಾನೂ ಒಂದು ಕಬ್ಬಿಣದ ಟ್ರಂಕು ಹಿಡಿದು ಮದ್ರಾಸ್ ಸೆಂಟ್ರಲ್‌ನಲ್ಲಿ ಒಬ್ಬನೇ ನಿಂತಿದ್ದೆ. ತಮಿಳು ಒಂದಕ್ಷರ ಬರುತ್ತಿರಲಿಲ್ಲ. ಆ ಬೆಳಿಗ್ಗೆ ಇವತ್ತಿಗೂ ಕಣ್ಣ ಮುಂದೆ ಇದೆ.

ನಿಮ್ಮ ಮಗಳು ಹಾಗೆ ನಿಲ್ಲುವುದು ಬೇಡ. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಬೆಂಗಳೂರಿನಲ್ಲಿದ್ದಾಳೆ, ಅವಳೂ ಹಾಸ್ಟೆಲ್ಲಿನಲ್ಲಿ ಇದ್ದು ಆಡಿದವಳೇ. ಮಾತಾಡಿದ್ದೇನೆ. ಯಾವ ದಿನ, ಬಸ್ಸೋ ರೈಲೋ ಅಂತ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ನೀವಿಬ್ಬರೂ ಇಳಿಯುವ ಹೊತ್ತಿಗೆ ಅವಳು ಅಲ್ಲಿ ನಿಂತಿರುತ್ತಾಳೆ.